ಓದುಗರ ಪ್ರಶ್ನೆ, ನಮ್ಮ ಉತ್ತರ: ಅಡ್ಡಹೆಸರು ಒಂದಾದರೆ ಮನೆತನವೂ ಒಂದೇ?

ಪ್ರಶ್ನೆ: ನಮ್ಮ ಅಡ್ಡಹೆಸರು ಮಾಲಿಪಾಟೀಲ. ನಮ್ಮ ಮುತ್ಯಾನವರು ಆಳಂದ ತಾಲ್ಲೂಕಿನ ಹಳ್ಳಿಯೊಂದರಿಂದ ಕಲಬುರಗಿಗೆ ಬಂದು ನೆಲೆಸಿದವರು. ಇದೇ ಅಡ್ಡಹೆಸರಿನ ಹಲವರು ಎರಡು ವರ್ಷಗಳಿಂದ ಅಂತರ್ಜಾಲದಲ್ಲಿ ಒಂದುಗೂಡಿ ವಂಶಾವಳಿ ಕಲೆಹಾಕುತ್ತಿದ್ದೇವೆ. ಸೊಲ್ಲಾಪುರದ ಸದಸ್ಯರೊಬ್ಬರು, ಅವರ ಮುತ್ಯಾನ ತಂದೆಯ ಹೆಸರೂ ನಮ್ಮ ಮುತ್ಯಾನ ತಂದೆಯ ಹೆಸರೂ ಶರಣಪ್ಪ ಎಂದಿರುವ ಕಾರಣಕ್ಕೆ, ಎರಡು ವಂಶವೃಕ್ಷಗಳನ್ನು ಒಂದಾಗಿ ಜೋಡಿಸಿದ್ದಾರೆ. ‘ಮಾಲಿ’ ಎಂದಿರುವುದರಿಂದ ನಮ್ಮ ಹಿರಿಯರು ತೋಟಗಾರರಾಗಿದ್ದಿರಬೇಕೆಂದು ಇನ್ನು ಕೆಲವರ ವಾದ. ಇವುಗಳಲ್ಲಿ ಯಾವುದನ್ನು ನಂಬಬೇಕು? (ಓದುಗರು, ಕಲಬುರಗಿ)

ಉತ್ತರ: ತೋಟದ ಮಾತನ್ನು ಮೊದಲು ಮುಗಿಸೋಣ. ನಿಮ್ಮ ಹೆಸರಿನಲ್ಲಿರುವ ‘ಮಾಲಿ’ಗೂ ಹೂದೋಟದ ಮಾಲಿಗೂ ಸಂಬಂಧವಿಲ್ಲ. ‘ಮಾಲ್’ ಎಂದರೆ ಕಂದಾಯ. ನಿಜಾಮರ ಆಡಳಿತದಲ್ಲಿದ್ದ ನಮ್ಮ ಹಳ್ಳಿಗಳಲ್ಲಿ ಕಂದಾಯ ವಸೂಲಿ ಮಾಲಿಪಾಟೀಲನ ಹೊಣೆಯಾಗಿತ್ತು, ಕಾವಲು ಮತ್ತು ಅಪರಾಧಗಳ ವರದಿ ಪೊಲೀಸ್ ಪಾಟೀಲನ ಹೊಣೆಯಾಗಿತ್ತು, ಲೆಕ್ಕಪತ್ರವನ್ನು ಕುಲಕರ್ಣಿ ಅಥವಾ ಪಟವಾರಿ ನೋಡಿಕೊಳ್ಳುತ್ತಿದ್ದ. ಊರೂರಿಗೆ ಒಬ್ಬ ಮಾಲಿಪಾಟೀಲ ಇದ್ದನೆಂದ ಮೇಲೆ, ಒಂದೇ ಜಿಲ್ಲೆಯಲ್ಲಿ ಪರಸ್ಪರ ಯಾವ ನಂಟೂ ಇಲ್ಲದ, ಕೆಲವೊಮ್ಮೆ ಬೇರೆ ಬೇರೆ ಜಾತಿಗಳಿಗೆ ಸೇರಿದ ಎಷ್ಟೋ ಮನೆಗಳಿಗೆ ಈ ಹೆಸರು ಅಂಟಿಕೊಂಡಿರುವುದು ಸಹಜವೇ ಆಗಿದೆ. ದೇಶಮುಖ, ಬಿರಾದಾರ, ವಾಲೀಕಾರ, ತಳವಾರ, ಬಡಿಗೇರ, ಪತ್ತಾರ ಮುಂತಾದ ಹೆಸರುಗಳ ಕಥೆಯೂ ಇದೇ.

ಇನ್ನೊಂದು ತೊಡಕೆಂದರೆ, ನಮ್ಮ ಭಾಗದಲ್ಲಿ ಅಡ್ಡಹೆಸರು ಸ್ಥಿರವಾದದ್ದು ಬಹುಪಾಲು ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಹುಡುಗನನ್ನು ಶಾಲೆಗೆ ಸೇರಿಸಲು ಬಂದವರು ಹೇಳಿದ್ದನ್ನೋ ತಮಗೆ ತೋಚಿದ್ದನ್ನೋ ಮಾಸ್ತರರು ಬರೆದುಕೊಂಡರು. (ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜೂನ್ 1 ಎಂದು ಬರೆದವರೂ ಅವರೇ. ಆದ್ದರಿಂದ ಹಿರಿಯರ ಜನ್ಮದಿನಾಂಕ ಜೂನ್ 1 ಎಂದು ಕಂಡಾಗ ಅದನ್ನು ವಂಶವೃಕ್ಷದಲ್ಲಿ ಖಚಿತ ದಿನಾಂಕವೆಂದು ನಮೂದಿಸಬೇಡಿ.) ಹೀಗಾಗಿ ಒಬ್ಬ ತಂದೆಯ ಮೂವರು ಮಕ್ಕಳಲ್ಲಿ ಹಿರಿಯವ ಮಾಲಿಪಾಟೀಲ, ನಡುವಿನವ ಬರೀ ಪಾಟೀಲ, ಕಿರಿಯವ ಊರಿನ ಹೆಸರು ಹೊತ್ತವನಾದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಗಡಿಯಾಚೆ ಸೊಲ್ಲಾಪುರ, ಲಾತೂರುಗಳ ಕಡೆ ಹೋದರೆ ಬಿರಾದಾರರು ಬಿರಾಜದಾರರಾಗುತ್ತಾರೆ, ಊರಿನ ಹೆಸರಿಗೆ ‘ಕರ್’ ಸೇರುತ್ತದೆ. ಅಂದಮೇಲೆ ಒಂದೇ ಅಡ್ಡಹೆಸರಿನವರನ್ನಷ್ಟೇ ಸೇರಿಸಿಕೊಂಡ ಗುಂಪಿನಲ್ಲಿ ನಿಮ್ಮವರಲ್ಲದವರು ಅನೇಕರು ಒಳಗಿರುತ್ತಾರೆ, ನಿಮ್ಮ ಖಾಸಾ ದಾಯಾದಿಗಳು ಹೊರಗುಳಿದಿರುತ್ತಾರೆ.

ಶರಣಪ್ಪ ಎಂಬ ಹೆಸರಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಶರಣಬಸವೇಶ್ವರರ ಗುಡಿ ಇರುವ ಸೀಮೆಯಲ್ಲಿ ಶರಣಪ್ಪನಿಲ್ಲದ ಓಣಿ ಯಾವುದು? ಮೇಲಾಗಿ ಮೊಮ್ಮಗನಿಗೆ ಮುತ್ಯಾನ ಹೆಸರಿಡುವ ಪದ್ಧತಿಯಿಂದ ಶರಣಪ್ಪ, ಬಸಪ್ಪ, ಮತ್ತೆ ಶರಣಪ್ಪ ಎಂದು ಒಂದೇ ಮನೆಯಲ್ಲಿ ಹೆಸರು ಮರುಕಳಿಸುತ್ತದೆ. ತಲೆಮಾರಿಗೆ ಇಪ್ಪತ್ತೈದು ಮೂವತ್ತು ವರ್ಷಗಳ ಲೆಕ್ಕ ಹಾಕಿ ನೋಡದಿದ್ದರೆ ಮುತ್ಯಾನನ್ನೂ ಮೊಮ್ಮಗನನ್ನೂ ಒಬ್ಬನೇ ಎಂದುಕೊಳ್ಳುವ ಅಪಾಯ ಯಾವಾಗಲೂ ಇರುತ್ತದೆ.

ಸೊಲ್ಲಾಪುರದವರನ್ನು ನೀವು ಕೇಳಬೇಕಾದದ್ದು ಬೇರೆ ಇದೆ. ಮೂಲ ಊರು ಯಾವುದು, ಮನೆದೇವರು ಯಾವುದು, ಬೆಡಗು (ಜಾತಿಯೊಳಗೆ ತಂದೆಯಿಂದ ಮಕ್ಕಳಿಗೆ ಬರುವ ಕುಲದ ಹೆಸರು) ಯಾವುದು, ಊರಿನಲ್ಲಿದ್ದ ಹೊಲವನ್ನು ಜನ ಏನೆಂದು ಕರೆಯುತ್ತಿದ್ದರು ಎಂದು ಕೇಳಿರಿ. ಇವುಗಳಲ್ಲಿ ಮನೆದೇವರ ಮೇಲೆ ನನಗೆ ಹೆಚ್ಚು ಭರವಸೆ. ಊರು ಬಿಟ್ಟವರು ಭಾಷೆ ಮರೆತರೂ ಅಡ್ಡಹೆಸರು ಬದಲಿಸಿಕೊಂಡರೂ ಮಕ್ಕಳ ಜವಳ ತೆಗೆಸಲು ಮಾತ್ರ ಹಿರಿಯರು ಹೋಗುತ್ತಿದ್ದ ಗುಡಿಗೇ ಹೋಗುತ್ತಾರೆ. ಅದು ಘತ್ತರಗಿಯ ಭಾಗ್ಯವಂತಿಯೋ, ಹುಮನಾಬಾದಿನ ವೀರಭದ್ರನೋ, ಭಾಲ್ಕಿ ಕಡೆಯ ಖಾನಾಪುರದ ಮೈಲಾರನೋ, ಯಾದಗಿರಿ ಕಡೆಯ ಮೈಲಾಪುರದ ಮೈಲಾರಲಿಂಗನೋ ಎಂಬುದು ತಿಳಿದರೆ ಹುಡುಕುವ ಸೀಮೆ ಕಿರಿದಾಗುತ್ತದೆ. ಆದರೆ ಒಂದೇ ದೇವರಿಗೆ ಸಾವಿರಾರು ಒಕ್ಕಲುಗಳಿರುವುದರಿಂದ ಇದೊಂದೇ ಸಾಕ್ಷಿಯಾಗದು. ಊರು, ದೇವರು, ಬೆಡಗು ಮೂರೂ ಕೂಡಿಬಂದಾಗ ಮಾತ್ರ ಮುಂದಿನ ಹೆಜ್ಜೆ ಇಡಿ. ಬೆಡಗು ಬೇರೆಯಾಗಿದ್ದರೆ, ದತ್ತಕವೋ ಮನೆಅಳಿಯತನವೋ ನಡೆದಿರದ ಹೊರತು, ಗಂಡುಸಂತಾನದ ಸಾಲಿನಲ್ಲಿ ಎರಡೂ ಒಂದೇ ಮನೆಯಾಗಿರಲಾರವು.

ಆ ಮುಂದಿನ ಹೆಜ್ಜೆ ಹೆಳವರು. ಎತ್ತಿನ ಮೇಲೆ ಕುಳಿತು ಬಂದು, ಮನೆಯ ಮುಂದೆ ನಿಂತು, ತಲೆತಲಾಂತರದ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಕಾಳುಕಡಿ ಪಡೆದು ಹೋಗುತ್ತಿದ್ದ ಹೆಳವರನ್ನು ನಿಮ್ಮ ಮನೆಯ ಹಿರಿಯರು ನೋಡಿರಲೇಬೇಕು. ಅವರಲ್ಲಿ ಇಂತಿಂಥ ಊರು, ಇಂತಿಂಥ ಮನೆ ಇಂಥವರಿಗೆ ಎಂಬ ಹಂಚಿಕೆ ವಂಶಪಾರಂಪರ್ಯವಾಗಿ ನಡೆದು ಬಂದಿದೆ. ಹಲವರು ಹೇಳಿದ್ದನ್ನು ಹೊತ್ತಿಗೆಯಲ್ಲಿ ಬರೆದೂ ಇಟ್ಟಿದ್ದಾರೆ. ಈಗ ಅವರು ಎತ್ತಿನ ಬದಲು ಮೋಟಾರ್ ಸೈಕಲ್ಲಿನ ಮೇಲೆ ಬಂದರೆ ಬೆರಗಾಗಬೇಡಿ. ನೀವು ಕಲಬುರಗಿಯಲ್ಲಿ ಕುಳಿತು ಕಾಯುವ ಬದಲು, ಸುಗ್ಗಿ ಮುಗಿದ ಮೇಲೆ ಮೂಲ ಊರಿಗೆ ಹೋಗಿ, ನಿಮ್ಮ ಮನೆತನವನ್ನು ಹೇಳುವ ಹೆಳವರು ಯಾರೆಂದು ವಿಚಾರಿಸಿರಿ. ಅವರು ಹೇಳುವುದನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಣ ಮಾಡಿರಿ, ಗೌರವಧನವನ್ನು ಕೈತುಂಬ ಕೊಡಿರಿ. ಇಷ್ಟಾದರೂ ಒಂದು ಎಚ್ಚರ ಬೇಕು: ತೀರ ಹಿಂದಿನ ತಲೆಮಾರುಗಳನ್ನು ಯಾವುದಾದರೂ ಅರಸನಿಗೋ ಶರಣನಿಗೋ ಮುಟ್ಟಿಸುವುದು ಹೊಗಳಿಕೆಯ ಭಾಗವಾಗಿರುತ್ತದೆ. ಈಚಿನ ಐದಾರು ತಲೆಮಾರುಗಳ ಹೆಸರುಗಳು ಮತ್ತು ಯಾರು ಯಾವ ಊರಿಗೆ ವಲಸೆ ಹೋದರೆಂಬ ವಿವರ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವವು.

ಕಾಗದದ ಸಾಕ್ಷಿಯ ಮಟ್ಟಿಗೆ ನಿಮ್ಮ ಅಡ್ಡಹೆಸರು ಒಂದು ಅನುಕೂಲವನ್ನು ತಂದಿದೆ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸಿದ 1961ರ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಿತು. ಆ ಬಳಿಕ ವತನದ (ಗ್ರಾಮ ಹುದ್ದೆಗೆ ಪ್ರತಿಯಾಗಿ ಕೊಟ್ಟಿದ್ದ) ಜಮೀನನ್ನು ಮರುಮಂಜೂರು ಮಾಡಿಸಿಕೊಳ್ಳಲು ವತನದಾರರು ಅರ್ಜಿ ಹಾಕಬೇಕಾಯಿತು, ಹಕ್ಕನ್ನು ತೋರಿಸಲು ವಂಶಾವಳಿಯನ್ನೂ ಕೊಡಬೇಕಾಯಿತು. ನಿಮ್ಮ ಮನೆ ನಿಜವಾಗಿಯೂ ಮಾಲಿಪಾಟೀಲಕಿ ನಡೆಸಿದ್ದರೆ ಅಂಥ ಕಡತ ತಾಲ್ಲೂಕು ಅಥವಾ ಉಪವಿಭಾಗಾಧಿಕಾರಿಗಳ ಕಚೇರಿಯ ದಾಖಲೆ ಕೋಣೆಯಲ್ಲಿ ಇರುವ ಸಂಭವವಿದೆ. ಹಳೆಯ ಪಾಲುದಾವೆಗಳೂ ಹೀಗೆಯೇ. ಅಣ್ಣತಮ್ಮಂದಿರು ಹೊಲಕ್ಕಾಗಿ ಕೋರ್ಟಿಗೆ ಹೋದಾಗ ದಾವಾಪತ್ರದಲ್ಲಿ ವಂಶವೃಕ್ಷವನ್ನು ಬರೆಯಲೇಬೇಕಾಗುತ್ತದೆ, ಎದುರು ಪಕ್ಷದವರು ಅದನ್ನು ಅಕ್ಷರ ಅಕ್ಷರ ಜಾಲಾಡಿರುತ್ತಾರೆ. ಹಿರಿಯರ ಜಗಳ ಮೊಮ್ಮಕ್ಕಳಿಗೆ ಇಷ್ಟು ಪ್ರಯೋಜನಕ್ಕೆ ಬರುವುದು ವಿಚಿತ್ರವಾದರೂ ನಿಜ. ಇದಕ್ಕೆ ಹೋಲಿಸಿದರೆ ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ ಪ್ರಮಾಣಪತ್ರ ವಾರಸಾ ಕೆಲಸಕ್ಕೆ ಸರಿ, ನಿಮ್ಮ ಹುಡುಕಾಟಕ್ಕೆ ಸಾಲದು.

ಅಲ್ಲಿಯವರೆಗೆ ಸೊಲ್ಲಾಪುರದವರ ವೃಕ್ಷವನ್ನು ನಿಮ್ಮದರಿಂದ ಬಿಡಿಸಿ ಪಕ್ಕದಲ್ಲಿಡಿ. ಗುಂಪಿನಲ್ಲಿ ಯಾರೇ ಆಗಲಿ ಎರಡು ಹೆಸರುಗಳ ನಡುವೆ ಗೆರೆ ಎಳೆಯುವಾಗ, ಆ ಗೆರೆಗೆ ಆಧಾರ ಯಾರ ಬಾಯಿಮಾತು ಅಥವಾ ಯಾವ ಕಾಗದ ಎಂಬುದನ್ನು ಅದರ ಕೆಳಗೇ ಬರೆಯಬೇಕೆಂಬ ನಿಯಮ ಮಾಡಿಕೊಳ್ಳಿ.

ಪ್ರಶ್ನೆ: ನಾವು ನಮ್ಮ ತಾಯಿಯ ತವರಿನ ಕಡೆಯ ಹಿರಿಯರನ್ನು ಹುಡುಕುತ್ತಿದ್ದೇವೆ. ಗುಂಪಿನಲ್ಲಿ ಎಲ್ಲರೂ ಗಂಡಸರ ಹೆಸರನ್ನೇ ಬರೆಯುತ್ತಾರೆ. ಅಜ್ಜಿಯ ಪೆಟ್ಟಿಗೆಯಲ್ಲಿ ಉರ್ದು ಕಾಗದಗಳು ಸಿಕ್ಕಿವೆ. ತಿಳಿದವರೊಬ್ಬರು ಓದಿ, ಒಂದರ ಮೇಲೆ ‘1342 ಫಸಲಿ, ಬಹಮನ್’ ಎಂದಿದೆ ಎಂದರು. ಇದು ಯಾವ ಕಾಲದ್ದು? ಮುಂದೆ ಏನು ಮಾಡಬೇಕು? (ಓದುಗರು, ಭಾಲ್ಕಿ)

ಉತ್ತರ: ಅದು 1932ರ ಡಿಸೆಂಬರ್ ಹೊತ್ತಿನ ಕಾಗದ. ಹೈದರಾಬಾದ್ ಸಂಸ್ಥಾನದಲ್ಲಿ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷ ಅಕ್ಟೋಬರಿನ ಮೊದಲ ವಾರದಲ್ಲಿ ಆರಂಭವಾಗುತ್ತಿತ್ತು. ಫಸಲಿ ಸಂಖ್ಯೆಗೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ದೊರೆಯುತ್ತದೆ. ಆಜರ್, ದೈ, ಬಹಮನ್ ಎಂಬುವು ಮೊದಲ ಮೂರು ತಿಂಗಳುಗಳು. ನಾಲ್ಕನೆಯದಾದ ಇಸ್ಫಂದಾರದಿಂದ ಮುಂದೆ 591 ಕೂಡಿಸಬೇಕು. ಗುಂಪುಗಳಲ್ಲಿ ಈ ಲೆಕ್ಕ ತಿಳಿಯದವರು 1342 ಎಂಬುದನ್ನು ಕ್ರಿಸ್ತಶಕವೆಂದೇ ಓದಿ, ತಮ್ಮ ಮನೆತನ ಬಹಮನಿ ಸುಲ್ತಾನರಿಗಿಂತ ಹಳೆಯದೆಂದು ಹಿಗ್ಗಿದ್ದರೆ ಅವರಿಗೂ ಇದನ್ನು ಮೆಲ್ಲನೆ ತಿಳಿಸಿರಿ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರುವವರೆಗೆ ನಮ್ಮ ಸರಕಾರಿ ದಫ್ತರ ಉರ್ದುವಿನಲ್ಲಿ ನಡೆಯಿತು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಆದ್ದರಿಂದ 1954-55ರ ಖಾಸ್ರಾ ಪಹಣಿ (ಹೊಲಗಳ ಹಕ್ಕುದಾರರ ದಾಖಲೆ) ಮತ್ತು ಅದಕ್ಕೂ ಹಿಂದಿನ ಸೇತ್ವಾರ್ (ಭೂಮಾಪನದ ಮೂಲ ದಾಖಲೆ) ನಮ್ಮ ಹುಡುಕಾಟಕ್ಕೆ ಮುಖ್ಯ ಮೆಟ್ಟಿಲುಗಳು. ಆ ಕಾಗದಗಳಲ್ಲಿ ಅಡ್ಡಹೆಸರು ಅಪರೂಪ. ‘ವಲ್ದ್’ ಎಂದಿದ್ದರೆ ಇಂಥವರ ಮಗ, ‘ಜೌಜೆ’ ಎಂದಿದ್ದರೆ ಇಂಥವರ ಹೆಂಡತಿ, ‘ಮುತಬನ್ನಾ’ ಎಂದಿದ್ದರೆ ದತ್ತುಮಗ. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯದ ಕಾರಣ ನಮ್ಮ ಕನ್ನಡ ಹೆಸರುಗಳನ್ನು ಎರಡು ಮೂರು ರೀತಿಯಲ್ಲಿ ಓದಲು ಸಾಧ್ಯವಿದೆ. ಓದುವವರು ಪಕ್ಕದಲ್ಲಿದ್ದಾಗ ನೀವು ಬಲ್ಲ ಹೆಸರುಗಳನ್ನು ಮೊದಲೇ ಹೇಳಿಬಿಡಬೇಡಿ, ಹೇಳಿದರೆ ಅದನ್ನೇ ಓದುವ ಸಾಧ್ಯತೆ ಹೆಚ್ಚು. ಓದಿದ್ದನ್ನು ಬರೆದುಕೊಂಡು, ಮತ್ತೊಬ್ಬರಿಂದ ಇನ್ನೊಮ್ಮೆ ಓದಿಸಿರಿ. ಸಂಸ್ಥಾನದ ಮೇಲಿನ ಹಂತದ ದಫ್ತರಗಳನ್ನು ನೋಡಬೇಕಾದರೆ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಆದರೆ ಒಂದು ಮನೆಯ ಮಾಹಿತಿಗೆ ತಾಲ್ಲೂಕಿನ ದಾಖಲೆಗಳೇ ಹೆಚ್ಚು ಹತ್ತಿರ.

ಹೆಣ್ಣುಮಕ್ಕಳ ಹೆಸರು ಕಂದಾಯದ ಕಾಗದದಲ್ಲಿ ಬರುವುದು ಬಹುತೇಕ ಗಂಡ ತೀರಿಕೊಂಡ ಮೇಲೆ. ಫೌತಿ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವ) ನಮೂದುಗಳಲ್ಲಿ ‘ಜೌಜೆ’ಯನ್ನು ಹುಡುಕಿರಿ. ತವರು ತಿಳಿಯಲು ಅದಕ್ಕಿಂತ ಒಳ್ಳೆಯ ಆಧಾರ ಮದುವೆಯ ಆಯಾರದ ಪಟ್ಟಿ. ಯಾವ ಊರಿನ ಯಾರು ಸೀರೆ ತಂದರು, ಯಾರು ಧೋತರ ಉಡಿಸಿದರು ಎಂದು ಹಳೆಯ ವಹಿಗಳಲ್ಲಿ ಬರೆದಿಟ್ಟಿರುತ್ತಾರೆ, ಸೋದರಮಾವನ ಊರು ಅಲ್ಲಿ ತಪ್ಪದೆ ಸಿಗುತ್ತದೆ. ಮದುವೆಯಾದ ಮೇಲೆ ಅಜ್ಜಿಯ ಹೆಸರನ್ನು ಬದಲಿಸಿದ್ದರೇ ಎಂಬುದನ್ನೂ ವಿಚಾರಿಸಿರಿ. ಇನ್ನೊಂದು ಮಾತು: ನಮ್ಮಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವುದು ರೂಢಿ. ಆದ್ದರಿಂದ ಒಬ್ಬರೇ ವ್ಯಕ್ತಿ ತಾಯಿಯ ತಮ್ಮನಾಗಿಯೂ ಅಳಿಯನಾಗಿಯೂ ಎರಡು ಕಡೆ ಬರುತ್ತಾರೆ. ಪರದೇಶದಲ್ಲಿ ತಯಾರಾದ ವಂಶವೃಕ್ಷದ ಆ್ಯಪ್ ಇದನ್ನು ತಪ್ಪೆಂದು ತೋರಿಸಿದರೆ ಗಾಬರಿಯಾಗಿ ಒಬ್ಬರನ್ನು ಅಳಿಸಿಹಾಕಬೇಡಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಒಂದೊಂದು ಅಡ್ಡಹೆಸರಿಗೂ ಸಂಶೋಧಕರ ಬಳಗವಿದೆ, ಡಿಎನ್ಎ ಪರೀಕ್ಷೆಯಿಂದ ಎಲ್ಲವೂ ತಿಳಿಯುತ್ತದೆ ಎಂದು ಓದಿದೆ. ನಾವೂ ಮಾಡಿಸಬಹುದೇ? (ಓದುಗರು, ಶಹಾಪುರ)

ಉತ್ತರ: ಒಂದೇ ಅಡ್ಡಹೆಸರಿನ ಅಧ್ಯಯನಕ್ಕೆಂದೇ 1979ರಲ್ಲಿ ಅಲ್ಲೊಂದು ಸಂಘ ಹುಟ್ಟಿದ್ದು ನಿಜ. ಅವರಿಗೆ ಚರ್ಚುಗಳ ಹಳೆಯ ದಾಖಲೆಗಳಿವೆ, ನೂರು ವರ್ಷ ಕಳೆದ ಜನಗಣತಿಯ ಹಾಳೆಗಳಲ್ಲಿ ಮನೆಮನೆಯವರ ಹೆಸರುಗಳನ್ನು ನೋಡಲು ಅವಕಾಶವಿದೆ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ವ್ಯಕ್ತಿಗಳ ವಿವರ ಗೋಪ್ಯವಾಗಿದ್ದು, ಯಾರಿಗೂ ತೋರಿಸುವುದಿಲ್ಲ. ವೈ ವರ್ಣತಂತು ತಂದೆಯಿಂದ ಮಗನಿಗೆ ಹೋಗುವುದರಿಂದ ಇಬ್ಬರು ಗಂಡಸರ ಮೂಲಪುರುಷ ಒಬ್ಬನೇ ಹೌದೋ ಅಲ್ಲವೋ ಎಂದು ಅಂದಾಜು ಮಾಡಬಹುದು, ಆದರೆ ಅವನ ಹೆಸರನ್ನಾಗಲಿ ಊರನ್ನಾಗಲಿ ಪರೀಕ್ಷೆ ಹೇಳಲಾರದು. ಹೋಲಿಸಿ ನೋಡುವ ಸಂಗ್ರಹಗಳಲ್ಲಿ ಇರುವವರು ಹೆಚ್ಚಾಗಿ ಯುರೋಪ್, ಅಮೆರಿಕದವರು. ಮನೆಯಲ್ಲಿ ಯಾರೂ ಬಾಯಿಬಿಡದ ದತ್ತಕದಂಥ ಸಂಗತಿ ಇದರಿಂದ ಹೊರಬೀಳಬಹುದು. ಕಾಗದ ಮತ್ತು ಹೆಳವರ ಮಾತುಗಳಿಂದ ಎರಡು ಮನೆಗಳು ಹತ್ತಿರ ಬಂದು, ಒಂದು ಪ್ರಶ್ನೆ ಮಾತ್ರ ಉಳಿದಾಗ, ಎರಡೂ ಮನೆಯವರು ಒಪ್ಪಿದರೆ ಮಾಡಿಸಿರಿ. ಅದಕ್ಕೂ ಮೊದಲು ದುಡ್ಡು ಹಾಳು.

ಪ್ರಶ್ನೆ: ನಮ್ಮ ಮನೆಯ ಎಲ್ಲರ ಹೆಸರು, ಹುಟ್ಟಿದ ದಿನಾಂಕ, ಫೋಟೋಗಳನ್ನು ಗುಂಪಿಗೆ ಹಾಕಿದ್ದಕ್ಕೆ ಕಾಕಾ ಸಿಟ್ಟಾಗಿದ್ದಾರೆ. ಹೊಲದ ಪಾಲು ಇನ್ನೂ ಆಗಿಲ್ಲ. ಅವರ ಸಿಟ್ಟು ಸರಿಯೇ? (ಓದುಗರು, ಹುಮನಾಬಾದ)

ಉತ್ತರ: ನಿಮ್ಮ ಕಾಕಾ ಹೇಳುವುದು ಸರಿ. ಬದುಕಿರುವವರ ಜನ್ಮದಿನಾಂಕ ಮತ್ತು ತಾಯಿಯ ತವರುಹೆಸರು ಬ್ಯಾಂಕಿನವರು ಗುರುತಿಗೆಂದು ಕೇಳುವ ಮಾಹಿತಿಗಳಾಗಿವೆ. ಮೇಲಾಗಿ ಪಾಲಾಗದ ಹೊಲವಿರುವ ಮನೆಯಲ್ಲಿ ಯಾರ ಹೆಸರು ಮರದಲ್ಲಿದೆ, ಯಾರದು ಬಿಟ್ಟುಹೋಗಿದೆ ಎಂಬುದು ನಾಳೆ ವಕೀಲರ ಕೈಯಲ್ಲಿ ಬೇರೆ ಅರ್ಥ ಪಡೆಯಬಹುದು. ಹಾಕಿರುವುದನ್ನು ಈಗಲೇ ತೆಗೆದು, ಬದುಕಿರುವವರ ಜಾಗದಲ್ಲಿ ‘ಮಗ’, ‘ಮಗಳು’ ಎಂದಷ್ಟೇ ಬರೆಯಿರಿ. ಅನಂತರ ಕಾಕಾ ಅವರ ಬಳಿ ಕುಳಿತು, ತೀರಿಹೋದ ಹಿರಿಯರ ಹೆಸರುಗಳನ್ನು ಅವರ ಬಾಯಿಂದಲೇ ಬರೆದುಕೊಳ್ಳಿ. ಸೋದರತ್ತೆಯರಿದ್ದರೆ ಅವರನ್ನು ಬೇರೆಯಾಗಿ ಕೂರಿಸಿ ಕೇಳಿ. ಇಬ್ಬರ ಮಾತು ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ನಿಮ್ಮ ಹುಡುಕಾಟ ಆರಂಭವಾಗಲಿ.