ಬಾಡಿಗೆ ಮನೆಗೆ ಫೈಬರ್ ಇಂಟರ್ನೆಟ್ ಸಂಪರ್ಕ ಪಡೆಯಲು ಮಾಲೀಕರ ಒಪ್ಪಿಗೆ ಏಕೆ ಬೇಕು?

ಚಂದಾ ನಿಮ್ಮದಾದರೂ ಗೋಡೆ ಅವರದು. ಕಂಪನಿಯೊಂದಿಗಿನ ಒಪ್ಪಂದಕ್ಕೆ ನಿಮ್ಮ ಸಹಿ ಸಾಕು. ಅಂಗಳ ಅಗೆಯಲು, ಹೊರಗೋಡೆ ಕೊರೆಯಲು ಸಾಮಾನ್ಯವಾಗಿ ಆಸ್ತಿಯ ಮಾಲೀಕರೇ ಅನುಮತಿ ಕೊಡಬೇಕು. ಅಪಾರ್ಟ್‌ಮೆಂಟ್‌ನಲ್ಲಿ ಫ್ಲ್ಯಾಟ್ ಸ್ವಂತದ್ದೇ ಆಗಿದ್ದರೂ ಮೆಟ್ಟಿಲು, ಕೇಬಲ್ ಹಾಯುವ ಡಕ್ಟ್ ಎಲ್ಲರಿಗೂ ಸೇರಿದ್ದರಿಂದ ಸಂಘವನ್ನು ಕೇಳಬೇಕಾಗುತ್ತದೆ.

ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಕೆಲಸ ಶುರುಮಾಡಬೇಡಿ. ಕೇಬಲ್ ಎಲ್ಲಿಂದ ಒಳಬರುತ್ತದೆ, ಅದು ಬಂದು ಸೇರುವ ಪೆಟ್ಟಿಗೆ ಎಲ್ಲಿ ಕೂರುತ್ತದೆ, ಹಾನಿಯಾದರೆ ಸರಿಪಡಿಸುವವರು ಯಾರು, ಮುಂದೆ ದುರಸ್ತಿಗೆ ಬರುವವರಿಗೆ ಪ್ರವೇಶ ಹೇಗೆ ಎಂಬುದೆಲ್ಲ ಬರಹದಲ್ಲಿರಲಿ. ಹೊರಗೋಡೆಯ ರಂಧ್ರವನ್ನು ಹೊರಮುಖವಾಗಿ ತುಸು ಇಳಿಜಾರಾಗಿ ಕೊರೆದು, ಕೇಬಲ್ ಸುತ್ತ ಸೀಲ್ ಮಾಡಬೇಕು. ಇಲ್ಲವಾದರೆ ಮಳೆನೀರು ಕೇಬಲ್ ಗುಂಟ ಒಳಗಿಳಿದು ಗೋಡೆ ತೇವ ಹಿಡಿಯುತ್ತದೆ. ಮಾಲೀಕರು ಹಿಂಜರಿಯುವುದು ಹೆಚ್ಚಾಗಿ ಇಂಥದ್ದಕ್ಕೇ, ಮತ್ತು ಅದು ನ್ಯಾಯವಾದ ಆತಂಕ. ಮೊದಲೇ ನಕ್ಷೆ ತೋರಿಸಿ ಮಾತನಾಡಿದರೆ ಅರ್ಧ ಆಕ್ಷೇಪಣೆ ಅಲ್ಲೇ ಕರಗುತ್ತದೆ.

ಮಾಲೀಕರು ಉತ್ತರವನ್ನೇ ಕೊಡದಿದ್ದರೆ? ಅದಕ್ಕೆ ಪರಿಹಾರ ಆಯಾ ದೇಶದ ಕಾನೂನಿನಲ್ಲಿದೆ. ಬ್ರಿಟನ್‌ನಲ್ಲಿ ಪದೇ ಪದೇ ನೋಟಿಸ್ ಕೊಟ್ಟರೂ ಸುಮ್ಮನಿರುವ ಫ್ಲ್ಯಾಟ್ ಕಟ್ಟಡಗಳ ಮಾಲೀಕರ ವಿಷಯದಲ್ಲಿ ಕಂಪನಿಗಳು ನ್ಯಾಯಾಂಗದ ಮೊರೆ ಹೋಗಲು 2021ರ ಕಾಯ್ದೆಯೊಂದು ದಾರಿ ಮಾಡಿಕೊಟ್ಟಿದೆ. ಭಾರತದ 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ, ಆಸ್ತಿಯ ಮೇಲೆ ಅಳವಡಿಸಿದ ದೂರಸಂಪರ್ಕ ಜಾಲವು ಆ ಆಸ್ತಿಯ ಭಾಗವಾಗುವುದಿಲ್ಲ. ಹಾಗಾಗಿ ಒಪ್ಪಿಗೆ ಕೊಟ್ಟ ಮಾಲೀಕರು ಆ ಕೇಬಲ್ ತಮ್ಮದೆಂದು ಕತ್ತರಿಸುವಂತಿಲ್ಲ.