ಓದುಗರ ಪ್ರಶ್ನೆ: ಬ್ಯಾಚ್ ಹೆಚ್ಚಿದರೆ ಹಸುವಿಗೆ ಮೇವು ಹೆಚ್ಚೀತೆ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಬ್ರೂಪಬ್, ಅಂದರೆ ಬಿಯರನ್ನು ತಾನೇ ತಯಾರಿಸಿ ಮಾರುವ ಪಬ್; ಒಂದು ಬ್ಯಾಚಿಗೆ ಸಾವಿರ ಲೀಟರ್. ವಾರಕ್ಕೆ ಎರಡಿರುವ ಬ್ಯಾಚನ್ನು ಐದಕ್ಕೆ ಏರಿಸುವ ಯೋಚನೆಯಿದೆ. ವರ್ಟ್ (ಬಿಯರಾಗುವ ಮೊದಲಿನ ಸಿಹಿ ರಸ) ಸೋಸಿ ಉಳಿದ ಕಾಳಿನ ಚರಟವನ್ನು ಹೈನುಗಾರರಿಗೆ ಪುಕ್ಕಟೆ ಕೊಡುತ್ತಿದ್ದೇವೆ. ಬೆಳೆದ ಮೇಲೂ ಇದು ನಡೆದೀತೆ? ನೀರಿನ ಗತಿಯೇನು?

ಉತ್ತರ: ನೀರಿಗೆ ಬೆಳವಣಿಗೆ ಅನುಕೂಲ, ಚರಟಕ್ಕೆ ತೊಡಕು.

ಒಂದು ಬ್ಯಾಚಿಗೆ 200 ಕಿಲೋ ಮಾಲ್ಟ್ (ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿ) ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ತೂಕದ ಹಸಿ ಚರಟ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೀರೇ. ಹಸುವೊಂದಕ್ಕೆ ದಿನಕ್ಕೆ 8–10 ಕಿಲೋ, ಅದೂ ಒಣಮೇವಿನ ಜೊತೆ. ಅಂದರೆ ದಿನದ ಬ್ಯಾಚಿಗೆ 20–25 ಹಸು ಬೇಕು. ನಮ್ಮ ಸೆಕೆಗೆ ಚರಟ ಒಂದೆರಡು ದಿನದಲ್ಲೇ ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಬ್ಯಾಚ್ ತಪ್ಪಿದ ದಿನ ಮೇವು ದಿಢೀರ್ ಬದಲಾಗಿ ಹಸುವಿನ ಹೊಟ್ಟೆ ಕೆಡುತ್ತದೆ. ವಾರ ಮೊದಲೇ ದಿನಪಟ್ಟಿ ಕೊಡಿ. ಮಿಕ್ಕಿದ್ದನ್ನು ಅದೇ ದಿನ ಗಾಳಿಯಾಡದಂತೆ ಒತ್ತಿ ಸೈಲೇಜ್ (ಹುಳಿಸಿ ಕಾಪಿಡುವ ಮೇವು) ಚೀಲಕ್ಕೆ ತುಂಬಿಸಿ. ಯೀಸ್ಟ್ ಗಸಿ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಕಸ ಬೇರೆ ಡ್ರಮ್ಮಿಗೆ ಹೋಗಲಿ: ಜೀವಂತ ಯೀಸ್ಟಿನಿಂದ ಹಸು ಹೊಟ್ಟೆಯುಬ್ಬರಕ್ಕೆ ಸಿಲುಕಬಹುದು. ಪುಕ್ಕಟೆ ಎನ್ನುವುದೇ ಇಲ್ಲಿ ಹುಳುಕು. ಪುಕ್ಕಟೆ ಒಯ್ಯುವವರಿಗೆ ಇಂಥ ದಿನ ಬಂದೇ ಬರಬೇಕೆಂಬ ಕಟ್ಟುಪಾಡಿಲ್ಲ. ಸಾಗಣೆ ವೆಚ್ಚ ನೀವು ಹೊತ್ತು, ಒಯ್ಯುವ ಹೊತ್ತನ್ನು ಬರಹದಲ್ಲಿ ಗೊತ್ತುಮಾಡಿಕೊಳ್ಳಿ.

ಇನ್ನು ನೀರು. ಬ್ರೂಯಿಂಗ್, ತೊಳೆಯುವಿಕೆ, ಅಡುಗೆಮನೆ ಮೂರಕ್ಕೂ ಬೇರೆ ಬೇರೆ ಮೀಟರ್ ಹಾಕಿ. ಇಲ್ಲದಿದ್ದರೆ ಪಾತ್ರೆ ತೊಳೆದ ನೀರೂ ಬಿಯರಿನ ಲೆಕ್ಕಕ್ಕೆ ಸೇರುತ್ತದೆ. ಲೀಟರ್ ಬಿಯರಿಗೆ 4–5 ಲೀಟರ್ ನೀರು ಒಳ್ಳೆಯ ಲೆಕ್ಕ. ಕುದಿಸಿದ ವರ್ಟನ್ನು ತಣಿಸಿದ ನೀರು ಪ್ಲೇಟ್ ಕೂಲರ್ ಎಂಬ ತಣಿಸುವ ಸಾಧನದಿಂದ 70 ಡಿಗ್ರಿ ದಾಟಿ ಹೊರಬರುತ್ತದೆ. ವಾರಕ್ಕೆ ಎರಡೇ ಬ್ಯಾಚಾದರೆ ಅದು ಆರಿಹೋಗುತ್ತದೆ. ದಿನವೂ ಬ್ರೂ ಮಾಡುವವರು 1,500 ಲೀಟರಿನ ಶಾಖನಿರೋಧಕ ಟ್ಯಾಂಕಿನಲ್ಲಿ ಹಿಡಿದಿಟ್ಟರೆ ಮರುದಿನದ ಮ್ಯಾಷಿಗೆ (ಪುಡಿಮಾಡಿದ ಕಾಳನ್ನು ಬಿಸಿನೀರಿನಲ್ಲಿ ನೆನೆಸುವುದಕ್ಕೆ) ಅದೇ ಸಾಕು. ಹೊರಬರುವ ನೀರು 60ಕ್ಕಿಳಿದರೆ ವಾಲ್ವ್ ಹೆಚ್ಚು ತೆರೆದಿದೆ, ಇಲ್ಲವೇ ಪ್ಲೇಟುಗಳಲ್ಲಿ ಕೊಳೆ ಕಟ್ಟಿದೆ. ಬಿಯರ್ ಟ್ಯಾಂಕ್ ತೊಳೆಯುವಾಗ ಕೊನೆಗೆ ಜಾಲಿಸಿದ ನೀರನ್ನು ಮುಂದಿನ ಸಲ ಮೊದಲು ಜಾಲಿಸಲು ಉಳಿಸಿಕೊಳ್ಳಿ.

ಪ್ರಶ್ನೆ: ರೈತರಿಗೆ ನೆರವಾಗಲೆಂದು ಬಿಯರಿಗೆ ಹಾಕುವ ಕಾಳಿನಲ್ಲಿ ರಾಗಿಯ ಪಾಲನ್ನು ಅರ್ಧಕ್ಕೇರಿಸಿದೆವು. ಸೋಸುವಾಗ ಕಟ್ಟಿಕೊಳ್ಳುತ್ತಿದೆ.

ಉತ್ತರ: ಕಟ್ಟಿಕೊಳ್ಳದೆ ಇನ್ನೇನು! ಬಾರ್ಲಿಯ ಹೊಟ್ಟೇ ಸೋಸುವ ಹಾಸು, ರಾಗಿಗೆ ಅದಿಲ್ಲ. 15–20 ಶೇಕಡಕ್ಕೆ ಇಳಿಸಿ, ಶೇ. 3ರಷ್ಟು ತೊಳೆದ ಭತ್ತದ ಹೊಟ್ಟು ಬೆರೆಸಿ. ಮೊಳಕೆ ಕಟ್ಟದ ರಾಗಿಯಾದರೆ ಬೇರೆಯಾಗಿ ಕುದಿಸಿ ಗಂಜಿ ಮಾಡಿ, ಕೂಡಿದ ಮೇಲೆ ಮ್ಯಾಷ್ 65 ಡಿಗ್ರಿಗೆ ನಿಲ್ಲುವಂತೆ ಬೆರೆಸಿ.

ನೆರವಿನ ಲೆಕ್ಕವನ್ನೂ ನೋಡಿ. 200 ಕಿಲೋದಲ್ಲಿ 36 ಕಿಲೋ ರಾಗಿಯಂತೆ ವಾರಕ್ಕೊಂದು ಬ್ಯಾಚಾದರೆ ವರ್ಷಕ್ಕೆ 19 ಕ್ವಿಂಟಲ್. ಎರಡು-ಮೂರು ಎಕರೆಯ ಬೆಳೆ, ಅಷ್ಟೇ. ಊರಿಗೇ ಮಾತು ಕೊಡುವ ಬದಲು ಒಂದು ಕುಟುಂಬದ ಜೊತೆ ಬಿತ್ತನೆಗೆ ಮೊದಲೇ ದರ ಮಾತಾಡಿ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ; ಅದಕ್ಕಿಂತ ಕೆಳಗಿಳಿಯಬೇಡಿ. ಬಾರ್ಲಿ ಇರುವವರೆಗೆ ‘ಗ್ಲುಟೆನ್ ಇಲ್ಲ’ ಎಂದು ಬೋರ್ಡ್ ಹಾಕುವುದೂ ಬೇಡ.