ಗೇರ್‌ಬಾಕ್ಸ್ ಇಳಿಸಲು ಒಪ್ಪುವ ಮೊದಲು ಕಾರಿನ ಕೆಳಗೆ ರಟ್ಟು ಹಾಸಿ ನೋಡಿ

ಧಾರವಾಡದ ನಿಮ್ಮ ಇಪ್ಪತ್ತು ವರ್ಷ ಹಳೆಯ ಆಟೊಮ್ಯಾಟಿಕ್ ಕಾರಿನ ಕೆಳಗೆ ದಿನವೂ ಬೆಳಿಗ್ಗೆ ಕೆಂಪು ಎಣ್ಣೆಯ ಕಲೆ ಇರುತ್ತದೆ, ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಲೇಬೇಕು ಎನ್ನುತ್ತಾರೆ, ಒಪ್ಪಲೇ ಎಂದು ಕೇಳಿದ್ದೀರಿ. ಈಗಲೇ ಒಪ್ಪಬೇಡಿ.

ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ನನಗೂ ಇದೇ ಮಾತು ಹೇಳಿದ್ದರು. ಗೇರ್‌ಬಾಕ್ಸಿನ ಮುಂಭಾಗದ ಆಯಿಲ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆ ಎಂದರು. ಸೀಲಿನ ಬೆಲೆ ಅಲ್ಪ, ಆದರೆ ಅದಕ್ಕಾಗಿ ಇಡೀ ಗೇರ್‌ಬಾಕ್ಸ್ ಇಳಿಸುವ ಕೂಲಿ ದೊಡ್ಡದು. ಭಾನುವಾರ ನವನಗರದ ಮನೆಯ ಮುಂದೆ ನಾನೇ ಕಾರಿನ ಕೆಳಗೆ ಟಾರ್ಚ್ ಹಿಡಿದು ಹುಡುಕಿದೆ. ಗೇರ್‌ಬಾಕ್ಸಿನಿಂದ ಎಣ್ಣೆ ತಣ್ಣಗಾಗಲು ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪು, ಅಂದರೆ ಕೂಲರ್ ಪೈಪು, ಕ್ಲಿಪ್ಪಿನ ಬಳಿ ಸೀಳಿತ್ತು. ಸೀಲಿಗೆ ಏನೂ ಆಗಿರಲಿಲ್ಲ.

ಮೊದಲು ಅದು ಗೇರ್‌ಬಾಕ್ಸಿನ ಎಣ್ಣೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಅನೇಕ ಹಳೆಯ ಕಾರುಗಳ ಪವರ್ ಸ್ಟೀರಿಂಗಿಗೂ ಇದೇ ಕೆಂಪು ಎಣ್ಣೆ ಹಾಕುತ್ತಾರೆ. ಆದ್ದರಿಂದ ಸ್ಟೀರಿಂಗ್ ಡಬ್ಬಿಯ ಮಟ್ಟ ಇಳಿಯುತ್ತಿದೆಯೇ ನೋಡಿ. ಎಂಜಿನ್ ತಣ್ಣಗಿಡುವ ಕೆಲವು ಕೂಲಂಟ್ ಕೂಡ ಕೆಂಪಾಗಿರುತ್ತದೆ, ಆದರೆ ಬೆರಳಲ್ಲಿ ಉಜ್ಜಿದರೆ ಎಣ್ಣೆಯ ಜಿಡ್ಡು ಇರುವುದಿಲ್ಲ.

ಆಮೇಲೆ ಗೇರ್‌ಬಾಕ್ಸಿನ ಹೊರಭಾಗವನ್ನು ತೊಳೆಯಿರಿ. ಈ ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ, ತಪ್ಪೆಲ್ಲ ಹುಟ್ಟುವುದು ಇಲ್ಲಿಯೇ. ನಮ್ಮ ಕರಿಮಣ್ಣಿನ ಧೂಳು ಎಣ್ಣೆಗೆ ಅಂಟಿ ದಪ್ಪ ಮಡ್ಡಿಯಾಗುತ್ತದೆ. ಗಾಳಿಯ ರಭಸಕ್ಕೆ ಎಣ್ಣೆ ಹಿಂದಕ್ಕೆ ಹರಡಿ ಎಲ್ಲೆಲ್ಲೂ ಒದ್ದೆ ಕಾಣುತ್ತದೆ. ಎಂಜಿನ್ ತಣ್ಣಗಿರುವಾಗ ಸೀಮೆಎಣ್ಣೆ ಹಾಕಿ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ. ಹುಬ್ಬಳ್ಳಿಗೆ ಒಮ್ಮೆ ಹೋಗಿ ಬಂದರೆ ಸುಮಾರು 40 ಕಿಲೋಮೀಟರ್, ಅಷ್ಟು ಓಡಿಸಿ ರಾತ್ರಿಯಿಡೀ ನಿಲ್ಲಿಸಿ ನೋಡಿದರೆ ಸಾಕು. ಪೌಡರಿನ ಮೇಲೆ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾದ ಜಾಗವೇ ಸೋರಿಕೆಯ ಮೂಲ. ಜಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ. ಪಿಟ್ ಇರುವ ಕಡೆ ನೋಡಿ, ಇಲ್ಲವೇ ಗಟ್ಟಿ ಸ್ಟ್ಯಾಂಡ್ ಕೊಡಿ.

ಕಾರಿನ ಕೆಳಗೆ ರಟ್ಟು ಹಾಸಿ ನೋಡಿ, ಯಾವಾಗ ಸೋರುತ್ತದೆ ಎಂಬುದೂ ಬಹಳ ಹೇಳುತ್ತದೆ. ಎಂಜಿನ್ ಓಡುವಾಗ ಹನಿದು, ನಿಲ್ಲಿಸಿದ ಮೇಲೆ ನಿಂತರೆ ಕೂಲರ್ ಪೈಪುಗಳ ಮೇಲೆ ಅನುಮಾನ ಪಡಬೇಕು, ಏಕೆಂದರೆ ಅವುಗಳಲ್ಲಿ ಒತ್ತಡ ಇರುವುದು ಆಗ ಮಾತ್ರ. ನನ್ನದು ಹಾಗೆಯೇ ಇತ್ತು. ನಿಮ್ಮದು ರಾತ್ರಿಯಿಡೀ ನಿಂತ ಮೇಲೆ ಸೋರುತ್ತಿದೆ. ಹಳೆಯ ಗೇರ್‌ಬಾಕ್ಸಿನಲ್ಲಿ ಟಾರ್ಕ್ ಕನ್ವರ್ಟರಿನ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಸಾಗಿಸುವ ಭಾಗ) ಎಣ್ಣೆ ನಿಧಾನವಾಗಿ ಕೆಳಗಿನ ಚೇಂಬರಿಗೆ, ಅಂದರೆ ಎಣ್ಣೆ ನಿಲ್ಲುವ ತಳದ ತಟ್ಟೆಗೆ, ಇಳಿದು, ಅಲ್ಲಿನ ಮಟ್ಟ ಏರುತ್ತದೆ. ಓಡುವಾಗ ಎಣ್ಣೆ ತಲುಪದ ಎತ್ತರದಲ್ಲಿರುವ ಚೇಂಬರ್ ಪ್ಯಾಕಿಂಗ್ ಅಥವಾ ಗೇರ್ ಬದಲಿಸುವ ಶಾಫ್ಟಿನ ಸೀಲ್ ಆಗ ಸೋರುತ್ತದೆ. ನಾನಾದರೆ ಮೊದಲು ಅಲ್ಲಿಯೇ ಹುಡುಕುತ್ತಿದ್ದೆ. ಇವೆರಡಕ್ಕೂ ಸಾಮಾನ್ಯವಾಗಿ ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ಚೇಂಬರಿನ ಬೋಲ್ಟುಗಳನ್ನು ಮಾತ್ರ ಬಲಪ್ರಯೋಗದಿಂದ ಬಿಗಿಯಬೇಡಿ, ಅಂಚು ಬಾಗಿ ಸೋರಿಕೆ ಇನ್ನೂ ಹೆಚ್ಚುತ್ತದೆ.

ಮೇಲೆಲ್ಲ ಒಣಗಿದ್ದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಹೌಸಿಂಗಿನ ತಳದಿಂದ ಮಾತ್ರ ಕೆಂಪು ಎಣ್ಣೆ ಹನಿಯುತ್ತಿದ್ದರೆ ಮೇಸ್ತ್ರಿಯ ಮಾತು ನಿಜ. ಆಗ ಇಳಿಸದೆ ದಾರಿಯಿಲ್ಲ. ಅಲ್ಲಿಂದ ಕಪ್ಪೆಣ್ಣೆ ಬಂದರೆ ಅದು ಎಂಜಿನ್ನಿನ ಹಿಂದಿನ ಸೀಲ್.

ಅಲ್ಲಿಯವರೆಗೆ ಗೇರ್‌ಬಾಕ್ಸ್ ಎಣ್ಣೆಯ ಮಟ್ಟ ನೋಡುತ್ತಿರಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗ, ಹೋಂಡಾಗಳಲ್ಲಿ ಬಿಸಿಯಾದ ಎಂಜಿನ್ ನಿಲ್ಲಿಸಿ ಗೇಜ್ (ಎಣ್ಣೆ ಅಳೆಯುವ ಕಡ್ಡಿ) ನೋಡಬೇಕು. ನಿಮ್ಮ ಕಾರಿನ ಕೈಪಿಡಿ ಹೇಳಿದಂತೆ ಮಾಡಿ, ಅದು ಹೇಳಿದ ಎಣ್ಣೆಯನ್ನೇ ಹಾಕಿ. ಎಂಜಿನ್ ಕೂಗಿದರೂ ಕಾರು ಎಳೆಯದಿದ್ದರೆ ಓಡಿಸಬೇಡಿ, ಅರಬೈಲ್ ಘಾಟಿಯ ಕಡೆಗಂತೂ ಬೇಡವೇ ಬೇಡ. ಎಣ್ಣೆ ಗುಲಾಬಿ ಹಾಲಿನಂತಿದ್ದರೆ ರೇಡಿಯೇಟರಿನೊಳಗೆ ಕೂಲಂಟ್ ಬೆರೆತಿದೆ ಎಂದರ್ಥ, ಸ್ಟಾರ್ಟ್ ಕೂಡ ಮಾಡಬೇಡಿ.

ಕೂಲರ್ ಪೈಪೇ ಹೋಗಿದ್ದರೆ ಎಣ್ಣೆ ಮತ್ತು ಬಿಸಿ ತಡೆಯುವ ಪೈಪನ್ನೇ ಕೇಳಿ ತನ್ನಿ. ರೇಡಿಯೇಟರಿನ ನೀರಿನ ಪೈಪು ತುಂಡರಿಸಿ ಹಾಕಿದರೆ ಬೇಗ ಉಬ್ಬಿ ಮೆತ್ತಗಾಗುತ್ತದೆ.